ಯಾರೂ ಇಳಿಯದ ನೀರು

ಮಿನೆಯೋಗೆ ಗಂಡನ ಮನೆಯವರ ಪರಿಚಯವಾದದ್ದು ಮುಖ ನೋಡಿ ಅಲ್ಲ, ನೀರಿನಲ್ಲಿ. ಮದುವೆಯಾಗಿ ಬಂದ ಹೊಸದರಲ್ಲಿ ಆಕೆ ಯಾರನ್ನೂ ತಲೆಯೆತ್ತಿ ನೋಡಿದವಳಲ್ಲ. ಆದರೆ ದಿನಾ ಎಲ್ಲರ ಸ್ನಾನ ಮುಗಿದು, ಪಾತ್ರೆ ತೊಳೆದು, ನಾಳೆಯ ಅಕ್ಕಿ ನೆನೆಹಾಕಿ, ಕಟ್ಟಕಡೆಗೆ ಬಚ್ಚಲುಮನೆಗೆ ಹೋಗಿ ಆ ದೊಡ್ಡ ಮರದ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಇಳಿದರೆ ಸಾಕು, ಮನೆಮಂದಿಯೆಲ್ಲ ಅಲ್ಲೇ ಇರುತ್ತಿದ್ದರು. ಮಾವನ ಹೊಗೆಸೊಪ್ಪು. ಗಂಡ ಕಿಚಿಜಿ ಕಾಡಿನಿಂದ ಮೈಗೆ ಅಂಟಿಸಿಕೊಂಡು ಬಂದ ದೇವದಾರಿನ ಅಂಟು. ನಾದಿನಿಯ ತಲೆಗೆಣ್ಣೆ. ತೊಟ್ಟಿಯ ಹೊರಗೆ ಮೈ ಉಜ್ಜಿ ತೊಳೆದುಕೊಂಡೇ ಒಳಗಿಳಿಯುವುದು ಆ ಕಡೆಯ ಪದ್ಧತಿ. ತೊಟ್ಟಿಯೊಳಗೆ ಬಿಡುವುದು ಕೊಳೆಯನ್ನಲ್ಲ, ದಣಿವನ್ನು. ಎಷ್ಟು ಉಜ್ಜಿದರೂ ಮನುಷ್ಯನ ವಾಸನೆ ಮನುಷ್ಯನನ್ನು ಬಿಟ್ಟು ಎಲ್ಲಿಗೆ ಹೋದೀತು? ನೀರು ಆ ಹೊತ್ತಿಗೆ ಗಂಜಿಯ ತಿಳಿಯಂತೆ ಮೆತ್ತಗಾಗಿರುತ್ತಿತ್ತು. ಮಿನೆಯೋ ಕಣ್ಣು ಮುಚ್ಚಿ, ಈ ಮನೆಯಲ್ಲಿ ಇವತ್ತು ಯಾರಿಗೆ ಸಿಟ್ಟು ಬಂದಿತ್ತು, ಯಾರು ಬಿಸಿಲಲ್ಲಿ ನಿಂತಿದ್ದರು ಎಂದು ನೀರಿನಿಂದಲೇ ತಿಳಿದುಕೊಳ್ಳುತ್ತಿದ್ದಳು.

ತೊಸಾ ಸೀಮೆಯ ಕಣಿವೆಯ ಹಳ್ಳಿ ಅದು. ಹೊಳೆಯ ದಂಡೆಯಿಂದ ಗುಡ್ಡದ ನೆತ್ತಿಯವರೆಗೆ ಯುಜು ಗಿಡಗಳು. ಯುಜು ಎಂದರೆ ನಿಂಬೆಯ ದಾಯಾದಿ ಎನ್ನಿ, ಮೈಯೆಲ್ಲ ಗುಳಿಬಿದ್ದ ಹಳದಿ ಹಣ್ಣು, ಮುಳ್ಳಿನ ಗಿಡ. ಕೊಯ್ಲಿನ ಕಾಲಕ್ಕೆ ಹೆಂಗಸರ ಕೈತುಂಬ ಗೀರು, ಊರುತುಂಬ ಘಮ. ಆ ಗೀರಿನ ಕೈಗಳಿಗೆ ಸಂಜೆಯ ಬಿಸಿನೀರಿಗಿಂತ ದೊಡ್ಡ ಔಷಧಿಯಿಲ್ಲ. ಹಾಗಾಗಿ ಅಲ್ಲಿ ಅಡಿಗೆಮನೆ ಹೇಗೋ ಇರಲಿ, ತೊಟ್ಟಿ ಮಾತ್ರ ನೆಟ್ಟಗಿರಬೇಕು.

ಇವರ ಮನೆಯ ತೊಟ್ಟಿ ಮಾವನ ಗೆಳೆಯನೊಬ್ಬ ಮಾಡಿಕೊಟ್ಟದ್ದು. ಸುತ್ತ ಹಿನೋಕಿ ಮರದ ಹಲಗೆ, ಹೊರಗೆ ಹೆಣೆದ ಬಿದಿರಿನ ಬಳೆ, ತಳಕ್ಕೆ ಕಬ್ಬಿಣದ ಬಾಣಲೆ, ಅದರ ಕೆಳಗೆ ಒಲೆ. ಆ ಗೆಳೆಯ ಹಲಗೆ ಹೆರೆಯುವಾಗ ಮಾತಾಡುತ್ತಿರಲಿಲ್ಲವಂತೆ, ಮರ ಕೇಳಿಸಿಕೊಂಡು ಸೊಟ್ಟಗಾಗುತ್ತದೆ ಎಂದು. ಅವನ ಹೆಂಡತಿ ಅದನ್ನು ಕೇಳಿ, 'ಮನೇಲೂ ಮಾತಾಡಲ್ಲ, ಇಲ್ಲಿ ಯಾವ ಮರ ಇದೆಯಂತೆ?' ಎಂದು ಕೇಳಿದ್ದಳಂತೆ. ಅದಿರಲಿ. ತಳ ಕಾದ ಕಬ್ಬಿಣವಾದ್ದರಿಂದ ಬರಿಗಾಲಲ್ಲಿ ಇಳಿಯುವಂತಿಲ್ಲ. ನೀರಿನ ಮೇಲೆ ದುಂಡನೆಯ ಮಣೆಯೊಂದು ತೇಲುತ್ತಿರುತ್ತದೆ. ಅದರ ನಟ್ಟನಡುವೆ ಕಾಲಿಟ್ಟು, ಅದನ್ನು ತುಳಿಯುತ್ತ ತುಳಿಯುತ್ತ, ಅದರ ಜೊತೆಯಲ್ಲೇ ಕೆಳಗಿಳಿಯಬೇಕು. ಅವಸರ ಮಾಡಿದರೆ ಮಣೆ ವಾಲಿಕೊಂಡು ಮೇಲೆ ಬರುತ್ತದೆ, ಕಾಲು ಕಬ್ಬಿಣಕ್ಕೆ ಹೋಗುತ್ತದೆ.

ಇನ್ನು ಸರದಿ. ಮೊದಲ ನೀರು ಮನೆಯ ಯಜಮಾನನಿಗೆ, ಆಮೇಲೆ ಗಂಡಸರು, ಆಮೇಲೆ ಹೆಂಗಸರು, ಕೊನೆಗೆ ಸೊಸೆ. ಅತಿಥಿ ಬಂದರೆ ಮಾತ್ರ ಯಜಮಾನನೂ ಹಿಂದೆ. ನಾದಿನಿ ಮದುವೆಯಾಗಿ ಹೋಗಿ, ಮಾವ ತೀರಿಕೊಂಡ ಮೇಲೆ ಮೊದಲ ನೀರು ಅತ್ತೆ ತಕಿನೋ ಅವರದಾಯಿತು. ಅನ್ನ ಬಡಿಸುವ ಸೌಟನ್ನು ಅತ್ತೆ ಒಂದು ಹೊಸವರ್ಷದ ದಿನ ಎಲ್ಲರೆದುರು ಮಿನೆಯೋ ಕೈಗಿತ್ತಿದ್ದರು. ಮನೆತನವನ್ನೇ ಕೈಗಿತ್ತ ಹಾಗೆ. ಆದರೆ ಮೊದಲ ನೀರನ್ನು ಬಿಟ್ಟುಕೊಟ್ಟಿರಲಿಲ್ಲ. ಕುಪ್ಪಸದ ಗುಂಡಿ ಹಾಕಿಕೊಳ್ಳಲು ಕೈ ನಡುಗುವ ವಯಸ್ಸಿನಲ್ಲೂ, ಯಾರೂ ಮುಟ್ಟದ, ಸ್ಫಟಿಕದಂಥ, ಹೊಗೆಯಾಡುವ ನೀರಿಗೆ ಮೊದಲು ಇಳಿಯುವವರು ಅವರೇ.

'ಹೊಸ ನೀರು ಮುದುಕರಿಗೆ ವಿಷ' ಎಂಬ ಗಾದೆ ಅವರಲ್ಲಿದೆ. ಯಾರೂ ಇಳಿಯದ ನೀರು ಮೊನಚಾಗಿರುತ್ತದೆ, ಸೂಜಿಯಂತೆ ಚುಚ್ಚುತ್ತದೆ, ಎದೆ ಡವಗುಟ್ಟಿಸುತ್ತದೆ. ಗಾದೆ ತಕಿನೋ ಅವರಿಗೆ ಗೊತ್ತಿಲ್ಲವೆಂದಲ್ಲ. ಅದರಲ್ಲಿ ಹೇಳಿರುವ ಮುದುಕರು ಬೇರೆ ಯಾರೋ ಎಂದು ಅವರ ನಂಬಿಕೆ.

ಒಲೆಯ ಬಾಯಿ ಇರುವುದು ಬಚ್ಚಲುಮನೆಯ ಹೊರಗೋಡೆಯಲ್ಲಿ. ಉರಿ ನೋಡಿಕೊಳ್ಳುವವರು ಹೊರಗೆ ಕುಕ್ಕರುಗಾಲಲ್ಲಿ ಕೂತು, ಆಗಾಗ 'ನೀರು ಹೇಗಿದೆ?' ಎಂದು ಕೂಗಬೇಕು. ಒಳಗಿದ್ದವರು 'ಚೆನ್ನಾಗಿದೆ' ಎನ್ನಬೇಕು. ಇದು ಉಪಚಾರದ ಮಾತು ಮಾತ್ರ ಅಲ್ಲ, ಒಳಗಿರುವ ಜೀವದ ಲೆಕ್ಕ ತೆಗೆದುಕೊಳ್ಳುವ ರೀತಿ. ತಕಿನೋ ಅವರಿಗೆ ಬತ್ತಲೆ ಕೂತು ಗಂಟಲೆತ್ತುವುದು ಮರ್ಯಾದೆಯಲ್ಲ. ಅವರು ಮರದ ಚೊಂಬಿನಿಂದ ತೊಟ್ಟಿಯ ಅಂಚಿಗೆ 'ಟಕ್' ಎಂದು ಒಮ್ಮೆ ಹೊಡೆಯುತ್ತಿದ್ದರು, ಅಷ್ಟೇ. ಸಿಟ್ಟು ಬಂದಿದ್ದರೆ ಅದೂ ಇಲ್ಲ.

ಆ ವರ್ಷದ ಮಳೆಗಾಲ ಮುಗಿದು ಮೊದಲ ಚಳಿ ಬಿದ್ದ ದಿನ ಅತ್ತೆಗೆ ಉಪ್ಪಿನಕಾಯಿ ಒತ್ತಲು ಜಾಡಿಯ ಮೇಲಿಡುವ ಕಲ್ಲಿನ ವಿಷಯಕ್ಕೆ ಸಿಟ್ಟು ಬಂದಿತ್ತು. ಕಿಚಿಜಿ ಹೊರಗಿನಿಂದ ಕೂಗಿದ, ಟಕ್ ಇಲ್ಲ. 'ಕಲ್ಲಿನ ಸಿಟ್ಟು ಇನ್ನೂ ಇಳಿದಿಲ್ಲ' ಎಂದು ನಕ್ಕ. ಇನ್ನೊಮ್ಮೆ ಕೂಗಿದ, ಇಲ್ಲ. ಆಮೇಲೆ ನಗಲಿಲ್ಲ. ಒಳಗಿನಿಂದ ಅಗುಳಿ ಹಾಕಿತ್ತು. ಬಾಗಿಲು ಮುರಿದು ನೋಡಿದರೆ ಅತ್ತೆಯ ಗದ್ದ ತೊಟ್ಟಿಯ ಅಂಚಿನ ಮೇಲೆ, ಮೈ ಬೆಂದ ಸಿಗಡಿಯಂತೆ ಕೆಂಪು, ಮಣೆ ಜಾರಿ ಹಿಮ್ಮಡಿ ಕಬ್ಬಿಣಕ್ಕೆ ತಗುಲಿತ್ತು. ಗದ್ದ ಅಂಚಿನ ಕಡೆ ವಾಲಿದ್ದರಿಂದ ಬದುಕಿದರು, ನೀರಿನ ಕಡೆ ವಾಲಿದ್ದರೆ ಇಲ್ಲ.

"ನಿದ್ದೆ ಬಂದಿತ್ತು, ಅಷ್ಟೇ," ಎಂದರು ಎಚ್ಚರವಾದ ಮೇಲೆ. "ನಿದ್ದೆ ಮಾಡಿದವರ ಮನೆ ಬಾಗಿಲನ್ನ ಕೊಡಲೀಲಿ ಒಡೀತಾರಾ ಯಾರಾದ್ರೂ?"

ಡಾಕ್ಟರು ಹಿಮ್ಮಡಿ ಮಾಯುವವರೆಗೆ ತೊಟ್ಟಿ ಬೇಡ ಎಂದರು. ಮಾಯ್ದ ಮೇಲೂ ಒಬ್ಬರೇ ಬೇಡ, ಹೆಚ್ಚು ಬಿಸಿ ಬೇಡ, ಹೊಸ ನೀರು ಬೇಡ. ಆದರೆ ಕಿಚಿಜಿ ಎಷ್ಟು ಹೆದರಿದ್ದನೆಂದರೆ ತೊಟ್ಟಿಯ ಬಿರಡೆಯನ್ನೇ ಕಿತ್ತು, ಮುರಿದ ಬಾಗಿಲಿಗೆ ಹಲಗೆ ಬಡಿದುಬಿಟ್ಟ. ಗಂಡ ಹೆಂಡತಿ ಇಬ್ಬರೂ ಸಂಜೆ ಪಕ್ಕದ ಮನೆಯ ಕುಮೆ ಅಕ್ಕನಲ್ಲಿಗೆ ಟವೆಲು ಹಿಡಿದುಕೊಂಡು ಹೋಗತೊಡಗಿದರು. ನೆರೆಮನೆಯ ನೀರು ಕೇಳುವುದು ಅಲ್ಲಿ ನಾಚಿಕೆಯ ವಿಷಯವಲ್ಲ. ಉಪ್ಪು ಕೇಳಿದ ಹಾಗೆ.

ಅತ್ತೆಗೆ ಮಾತ್ರ ಒದ್ದೆ ಬಟ್ಟೆ. ಮಿನೆಯೋ ಬಿಸಿನೀರಲ್ಲಿ ಬಟ್ಟೆ ಹಿಂಡಿ ಬೆನ್ನು ಒರೆಸಿದರೆ, "ನಾನೇನು ಕಿಟಕೀನಾ, ಒರೆಸಿ ಇಡೋಕೆ?" ಎನ್ನುತ್ತಿದ್ದರು ಮೊದಮೊದಲು. ಆಮೇಲೆ ಬೈಗುಳ ಕಡಿಮೆಯಾಯಿತು. ಹಿಮ್ಮಡಿ ಮಾಯ್ದರೂ ಏಳಲೊಲ್ಲರು. ಅನ್ನದ ಬಟ್ಟಲು ಅರ್ಧಕ್ಕೇ ಮುಚ್ಚಿಡುವರು. ಬೆರಳು ಸದಾ ತಣ್ಣಗೆ. ಹೊಳೆಯ ಮೇಲಿನ ಮಂಜನ್ನೇ ಆವಿ ಎಂದುಕೊಂಡವರಂತೆ ಬಾಗಿಲಿನಿಂದಾಚೆ ನೋಡುತ್ತ ಕೂರುವರು. ಮಿನೆಯೋ ನಿಜವಾಗಿ ಹೆದರಿದ್ದು ಅತ್ತೆ ಬೈಯದೆ ಒಂದು ಇಡೀ ದಿನ ಕಳೆದಾಗ. ದೀಪದ ಎಣ್ಣೆ ತೀರುತ್ತ ಬಂದ ಹಾಗೆ ಇತ್ತು.

ವರ್ಷದಲ್ಲೇ ಹಗಲು ತೀರ ಗಿಡ್ಡವಾಗುವ ದಿನ ಹತ್ತಿರ ಬಂತು. ಆ ದಿನ ಕುಂಬಳಕಾಯಿ ಬೇಯಿಸಿ ತಿನ್ನಬೇಕು, ಯುಜು ಹಣ್ಣು ತೇಲಿಬಿಟ್ಟ ನೀರಿನಲ್ಲಿ ಮುಳುಗಬೇಕು; ಹಾಗೆ ಮಾಡಿದವರಿಗೆ ಚಳಿಗಾಲ ಅಂಟುವುದಿಲ್ಲ.

"ಮಿನೆಯೋ," ಎಂದರು ಅತ್ತೆ ಒಂದು ಬೆಳಿಗ್ಗೆ. "ಮಣ್ಣಲ್ಲಿ ಹೂತ ಮೂಲಂಗಿ ಥರ ಆಗಿದೀನಿ ಕಣೆ. ಮೂಲಂಗೀನಾದ್ರೂ ಕಿತ್ತ ಮೇಲೆ ತೊಳೀತಾರೆ. ಯುಜು ದಿನ ಒಂದ್ಸಲ ನನ್ನನ್ನ ತೊಟ್ಟೀಲಿ ಬಿಡು. ಆಮೇಲೆ ಜೀವ ಹೋದ್ರೆ ಹೋಗ್ಲಿ."

"ಬೇಡ ಅಂದ್ರೆ ಬೇಡ," ಎಂದ ಕಿಚಿಜಿ, ಮಿನೆಯೋ ಹೋಗಿ ಅದನ್ನು ಹೇಳಿ ಮುಗಿಸುವ ಮೊದಲೇ. "ಇನ್ನೊಂದು ಬಾಗಿಲು ಒಡೆಯೋ ಶಕ್ತಿ ನನಗಿಲ್ಲ."

"ಒಡೆಯೋ ಹಾಗೆ ಇರಲ್ಲಾರೀ. ಅಗುಳೀನೇ ತೆಗೆದುಹಾಕ್ತೀನಿ. ಸ್ನಾನ ಇಲ್ದೆ ಅವ್ರು ಹೋಗೇ ಹೋಗ್ತಾರೆ, ನೋಡ್ತಾ ಇಲ್ವಾ? ತೊಟ್ಟಿ ನಾನು ಸರಿ ಮಾಡ್ತೀನಿ. ನೀವು ಒಲೆ ಮುಂದೆ ಕೂತ್ಕೊಳ್ಳಿ, ಸಾಕು."

ಕಿಚಿಜಿ ಹೋಗಿ, ಬಾಗಿಲಿಗೆ ಬಡಿದ ಹಲಗೆ ಕಿತ್ತ. ಅವನು ಒಪ್ಪಿಕೊಳ್ಳುವುದೇ ಹಾಗೆ.

ಒಳಗೆ ಇಲಿಯ ವಾಸನೆ. ಮಿನೆಯೋ ತೊಟ್ಟಿಗೆ ಮುಖವಿಟ್ಟು ನೋಡಿದಳು, ನೋಡುತ್ತ ನಿಂತೇಬಿಟ್ಟಳು. ನೀರಿಲ್ಲದೆ ಒಣಗಿ ಹಲಗೆಗಳು ಕುಗ್ಗಿದ್ದವು. ಸಂದುಸಂದಿನಿಂದ ಬೆಳಕು ಗೆರೆಗೆರೆಯಾಗಿ ಒಳಗೆ ಬೀಳುತ್ತಿತ್ತು. ದೊಡ್ಡದೊಂದು ಕಾಗದದ ದೀಪದೊಳಗೆ ತಲೆ ಹಾಕಿದ ಹಾಗೆ. ಇಷ್ಟು ವರ್ಷ ಕತ್ತಲೆ ತುಂಬಿಕೊಂಡಿದ್ದ ತೊಟ್ಟಿಯೊಳಗೆ ಇಷ್ಟು ಬೆಳಕಿತ್ತೇ?

ಬಿದಿರಿನ ಬಳೆಗಳನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಕೆಳಗಿಳಿಸಿ ಬಿಗಿ ಮಾಡಿದಳು. ಸಂದುಗಳಿಗೆ ಅಕ್ಕಿ ತೌಡು ಕಲಸಿ ಮೆತ್ತಿದಳು. ಆಮೇಲೆ ಬಿರಡೆ ಹಾಕಿ ತಣ್ಣೀರು ಸುರಿಯತೊಡಗಿದಳು. ಸುರಿದಷ್ಟೂ ಹೊರಗೆ.

"ಜರಡಿಗೆ ನೀರು ತುಂಬ್ತಿದೀಯಾ?" ಎಂದ ಕಿಚಿಜಿ.

"ಬಾಯಾರಿದೆ. ಕುಡೀಲಿ ಬಿಡಿ."

ಸಂಜೆ ಹೊತ್ತಿಗೆ ಸೋರುವುದು ತೊಟ್ಟಿಕ್ಕುವುದಾಯಿತು. ಮಾರನೆಯ ದಿನ ತೊಟ್ಟಿಕ್ಕುವುದು ಒಸರುವುದಾಯಿತು. ಮರ ಉಬ್ಬಿ, ಹಲಗೆ ಹಲಗೆಯ ಕೈಹಿಡಿದು, ಬೆಳಕಿನ ಗೆರೆಗಳು ಒಂದೊಂದಾಗಿ ಮುಚ್ಚಿಕೊಂಡವು. ಅವಸರಪಟ್ಟು ಒಲೆ ಹೊತ್ತಿಸುವಂತಿಲ್ಲ. ನೀರು ನಿಲ್ಲದ ತೊಟ್ಟಿಯ ಕೆಳಗೆ ಉರಿ ಹಾಕಿದರೆ ಕಬ್ಬಿಣ ಸೀಳುತ್ತದೆ, ಮರ ಸುಟ್ಟುಕೊಳ್ಳುತ್ತದೆ. ಆ ಕಂದು ನೀರನ್ನು ಬಿಟ್ಟು, ಹುಲ್ಲಿನ ಕುಂಚದಿಂದ ಒಳಮೈ ತಿಕ್ಕಿದಳು. ಸೋಪು ಮುಟ್ಟಿಸಲಿಲ್ಲ, ಮರ ಅದನ್ನು ಕುಡಿದರೆ ವರ್ಷಗಟ್ಟಲೆ ಉಗುಳುತ್ತಿರುತ್ತದೆ. ಬಿರಡೆಯ ಹಿಂದೆ, ಮಣೆಯ ಅಡಿಯಲ್ಲಿ, ಕೈಗೆ ಸಿಗದ ಮೂಲೆಯಲ್ಲೇ ಲೋಳೆ ಅಡಗಿ ಕೂರುವುದು. ಅಲ್ಲೆಲ್ಲ ಬೆರಳು ಹಾಕಿ, ಕಿರುಗುಟ್ಟುವವರೆಗೆ ಉಜ್ಜಿದಳು. ಮಣೆಯಲ್ಲಿ ಬಿರುಕಿದೆಯೇ ಎಂದು ತಾನೇ ಹತ್ತಿ ನಿಂತು ನೋಡಿದಳು. ಜಾರುವ ನೆಲಕ್ಕೆ ಹುಲ್ಲುಚಾಪೆ. ತೊಟ್ಟಿಯ ಪಕ್ಕ ಹಿಡಿದುಕೊಳ್ಳಲು ಕಿಚಿಜಿ ಒಂದು ಬಿದಿರು ಕಟ್ಟಿಕೊಟ್ಟ. ಅಗುಳಿಯನ್ನು ಆಕೆಯೇ ಕಿತ್ತು ಒಲೆಗೆ ಹಾಕಿದಳು.

ಯುಜು ದಿನ ಬಂತು. ಸಂಜೆಯ ಚಳಿಗೆ ಕಾಯದೆ, ಬಿಸಿಲು ಬಚ್ಚಲಿನ ಕಿಟಕಿಗೆ ಬರುವ ಮಧ್ಯಾಹ್ನವೇ ಸ್ನಾನ ಎಂದು ಗೊತ್ತಾಗಿತ್ತು. ಅತ್ತೆಗೆ ಅಂದು ಮುಂಜಾನೆಯಿಂದಲೇ ಜೀವ ಬಂದಿತ್ತು, ಜೀವದ ಜೊತೆ ನಾಲಗೆಯೂ.

"ಮೊದಲ ನೀರು ನನ್ದು. ಇನ್ನೊಬ್ರು ಇಳಿದ ನೀರಿಗೆ ನಾನು ಇಳಿಯಲ್ಲ. ಈಗಲೇ ಹೇಳಿದೀನಿ."

"ಹೊಸ ನೀರು ಬೇಡ ಅಂತ ಡಾಕ್ಟರು..."

"ಡಾಕ್ಟರು ಅವನ ಮನೇಲಿ ಅವನು ಮೊದಲು ಇಳೀತಾನೋ, ಹೆಂಡ್ತಿ ಮೊದಲು ಇಳೀತಾಳೋ, ಕೇಳ್ಕೊಂಡು ಬಾ ಹೋಗು."

ಮಿನೆಯೋ ಬೇಲಿಯ ಹತ್ತಿರ ಹೋಗಿ ನಿಂತಳು. ಕುಮೆ ಅಕ್ಕ ಕೊಯ್ದ ಹಣ್ಣಿನ ಬುಟ್ಟಿಯನ್ನು ಬೇಲಿಯ ಮೇಲಿನಿಂದ ದಾಟಿಸುತ್ತ ಕೇಳಿದಳು, "ಏನೇ, ಮೋರೆ ಮುಳ್ಳು ಚುಚ್ಚಿದ ಹಾಗಿದೆ? ಮುದುಕಿ ಏನಂತು?"

"ಮೊದಲ ನೀರೇ ಬೇಕಂತೆ ಅಕ್ಕಾ. ಮೊದಲ ನೀರೇ ಅಲ್ವಾ ಅವ್ರನ್ನ ಕೆಡವಿದ್ದು? ಇನ್ನೊಂದ್ಸಲ ಹಾಗಾದ್ರೆ..."

"ಬೇರೆ ಯಾರನ್ನಾದ್ರೂ ಮೊದಲು ಇಳಿಸು."

"ಯಾರನ್ನ? ನನ್ನ ಗಂಡ ಇಳಿದ್ರೆ ಅವ್ರು ಆ ಕಡೆ ತಿರುಗೂ ನೋಡಲ್ಲ. ಅತಿಥಿ ಬಂದಿದ್ರೆ ಮಾತು ಬೇರೆ ಇತ್ತು."

"ಅಯ್ಯೋ, ನಾನು ಬರ್ಲಾ ಅತಿಥಿಯಾಗಿ?" ಕುಮೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾನು ಇಳಿದ್ರೆ ಅರ್ಧ ತೊಟ್ಟಿ ನೀರು ಹೊರಗೆ!"

ಮಿನೆಯೋ ನಗಲಿಲ್ಲ. ಕೈಯಲ್ಲಿದ್ದ ಬುಟ್ಟಿಯನ್ನು ನೋಡುತ್ತಿದ್ದಳು. ದುಂಡಗೆ, ಹಳದಿಯಾಗಿ, ಬೇರೆ ಮನೆಯಿಂದ ಬಂದು, ಹೊಸ್ತಿಲಲ್ಲಿ ಕಾಯುತ್ತ ನಿಂತವರಂತೆ ಹಣ್ಣುಗಳು.

ಕಿಚಿಜಿ ಉರಿ ಮಾಡಿದ. ನೀರು ಕಾದ ಮೇಲೆ ಮಿನೆಯೋ ಕೆಂಡ ಹೊರಗೆಳೆಸಿ, ಉದ್ದನೆಯ ಹಲಗೆಯಿಂದ ನೀರನ್ನು ತಳದವರೆಗೆ ಕದಡಿದಳು. ಮೇಲೆ ಕುದಿ, ಕೆಳಗೆ ಐಸು, ಇದು ತೊಟ್ಟಿಯ ಹಳೆಯ ಮೋಸ. ಮೊಣಕೈ ಅದ್ದಿ ನೋಡಿ, ತಣ್ಣೀರು ಬೆರೆಸಿ, ಮತ್ತೆ ಕದಡಿ, ಮತ್ತೆ ಅದ್ದಿದಳು. ಬಟ್ಟೆ ಬಿಚ್ಚುವ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಬೆಚ್ಚಗೆ ಮಾಡಿ, ಅದರ ಹೊಗೆ ತಲೆಗೇರದಂತೆ ಅದನ್ನು ಹೊರಗಿಟ್ಟು ಗಾಳಿಯಾಡಿಸಿದಳು. ಆಮೇಲೆ ಹಣ್ಣುಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟಳು. ಅವು ಒಮ್ಮೆ ಮುಳುಗಿ, ಎದ್ದು, ಮೈಮುರಿದವು.

ಬಳಿಕ ಅವಳು ಮಾಡಿದ್ದನ್ನು ಆ ಮನೆಯ ಯಾವ ಸೊಸೆಯೂ ಮಾಡಿರಲಿಲ್ಲ. ಮೈ ತೊಳೆದುಕೊಂಡು, ಮಣೆಯ ನಡುವೆ ಕಾಲಿಟ್ಟು, ಮೊದಲ ನೀರಿಗೆ ಇಳಿದಳು.

ನೀರು ಚುಚ್ಚಿತು. ಆಮೇಲೆ ಸುಮ್ಮನಾಯಿತು. ಮಿನೆಯೋ ಕೆಳಗೆ ನೋಡಿದಳು, ತನ್ನ ಕಾಲು ಕಾಣಿಸಿತು. ಕಾಲಿನ ಬೆರಳುಗಳು ಕೂಡ. ತೊಟ್ಟಿಯೊಳಗೆ ತನ್ನ ಕಾಲನ್ನು ಅವಳು ಯಾವತ್ತೂ ನೋಡಿರಲಿಲ್ಲ. ಅದು ಬೇರೆ ಯಾರದೋ, ತುಂಬ ಎಳೆಯ ಹೆಂಗಸಿನ ಕಾಲಿನಂತೆ ಅಲುಗಾಡುತ್ತಿತ್ತು. ಕಣ್ಣು ಮುಚ್ಚಿ ಮೂಗೆಳೆದಳು. ಹೊಗೆಸೊಪ್ಪಿಲ್ಲ, ದೇವದಾರಿಲ್ಲ, ಎಣ್ಣೆಯಿಲ್ಲ. ಯಾರೂ ಇಲ್ಲ. ಹಣ್ಣುಗಳು ಬಂದು ಭುಜಕ್ಕೆ ತಾಗಿ ಹಿಂದೆ ಸರಿಯುತ್ತಿದ್ದವು, ಪರಿಚಯ ಕೇಳುವ ಅಪರಿಚಿತರ ಹಾಗೆ. ಕಿಟಕಿಯ ಬಿಸಿಲು ಆವಿಯೊಳಗೆ ನಿಂತು, ಹಾಲು ಕಲಸಿದಂತೆ ಮೆಲ್ಲಗೆ ತಿರುಗುತ್ತಿತ್ತು. ಇಷ್ಟು ವರ್ಷ ಎಲ್ಲರ ಅಸೂಯೆಯ ಮೊದಲ ನೀರು ಇದೇ ಏನು? ಇಷ್ಟು ಒಂಟಿ? ಅತ್ತೆ ದಿನಾ ಇಲ್ಲಿ ಒಬ್ಬರೇ ಕೂರುತ್ತಿದ್ದರೇ, ಯಾರೂ ಇಲ್ಲದ ನೀರಿನಲ್ಲಿ?

ಹೊರಗಿನಿಂದ ಕಿಚಿಜಿ ಕೂಗಿದ. "ಅವ್ವಾ, ನೀರು ಹೇಗಿದೆ?"

"ಅವ್ವ ಅಲ್ಲಾರೀ. ನಾನು."

ಕೆಂಡ ಎಳೆಯುವ ಕೋಲು ನೆಲಕ್ಕೆ ಬಿದ್ದ ಸದ್ದು. ಆಮೇಲೆ, "ನೀನಾ? ಮೊದಲಾ?" ಮತ್ತೆ ತಗ್ಗಿದ ದನಿಯಲ್ಲಿ, "ಹೇಗಿದೆ ಮತ್ತೆ?"

"ಚುಚ್ಚುತ್ತೆ," ಎಂದಳು. "ಈಗ ಮೆತ್ತಗಾಗ್ತಿದೆ."

ಮೈ ಒರೆಸಿ, ತಲೆಗೆ ಬಟ್ಟೆ ಸುತ್ತಿ, ಅತ್ತೆಗೆ ಬಿಸಿ ಚಹಾ ಕುಡಿಸಿ ಕರೆತಂದಳು. ಬೆನ್ನು ಉಜ್ಜಿದಳು, ಕಾಲಿನಿಂದ ಶುರುಮಾಡಿ ಮೇಲೆ ಮೇಲೆ ಬೆಚ್ಚಗಿನ ನೀರು ಹೊಯ್ದಳು. ಅತ್ತೆ ತೊಟ್ಟಿಯತ್ತ ನೋಡಿದರು. ಮೂಗು ಅರಳಿತು.

"ಈ ನೀರಿಗೆ ಯಾರೋ ಇಳಿದಿದಾರೆ."

"ಹೌದು ಅತ್ತೆ. ಅತಿಥಿಗಳು." ಮಿನೆಯೋ ಹಣ್ಣುಗಳತ್ತ ಕೈ ತೋರಿಸಿದಳು. "ಕುಮೆ ಅಕ್ಕನ ಮನೆಯಿಂದ ಬಂದ್ರು. ಅತಿಥಿಗಳಿಗೆ ಮೊದಲ ನೀರು ಕೊಡದೆ ಹೇಗಿರೋಕಾಗುತ್ತೆ? ನೀವೇ ಬೈತಿದ್ರಿ."

ಅತ್ತೆ ಚೊಂಬು ತೆಗೆದುಕೊಂಡು ನೀರು ಮೊಗೆದು ಬೆಳಕಿಗೆ ಹಿಡಿದರು. ನಡುಗುವ ಬೆರಳಿನಿಂದ ಅದರೊಳಗಿಂದ ಏನನ್ನೋ ಎತ್ತಿ ತೆಗೆದರು. ಒಂದು ಕೂದಲು.

ಇದೊಂದಕ್ಕೇ ಅತ್ತೆ ಎದ್ದು ಹೋಗಿಬಿಡಬಹುದು. ಹೋದರೆ ಮತ್ತೆ ಹಾಸಿಗೆ, ಮತ್ತೆ ಅರ್ಧ ಬಟ್ಟಲು ಅನ್ನ, ಮತ್ತೆ ಆ ಬೈಗುಳವಿಲ್ಲದ ದಿನಗಳು.

"ನಿನ್ನ ಅತಿಥಿಗಳಲ್ಲಿ ಒಬ್ರಿಗೆ ಉದ್ದ ಕೂದಲಿದೆ," ಎಂದರು ಅತ್ತೆ.

ಮಿನೆಯೋ ತಲೆಗೆ ಸುತ್ತಿದ ಬಟ್ಟೆಯಿಂದ ಒಂದು ಹನಿ ಕತ್ತಿಗಿಳಿಯಿತು.

ಅತ್ತೆ ಕೂದಲನ್ನು ಕಿಟಕಿಯ ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. "ಅರ್ಧ ನರೆತಿದೆ ಪಾಪ. ಎಲ್ಲೋ ಸೊಸೆಯಾಗಿ ಬಹಳ ದುಡಿದಿರಬೇಕು." ಕೂದಲನ್ನು ಚಾಪೆಯ ಮೇಲೆ ಬಿಟ್ಟರು. "ಅತಿಥಿ ಅಂದ್ಮೇಲೆ ಏನು ಹೇಳೋಕಾಗುತ್ತೆ. ಹಿಡ್ಕೋ ಕೈಯಿ. ಮಣೆ ಎಲ್ಲಿ?"

ಬಿದಿರು ಹಿಡಿದು, ಮಣೆಯ ನಡುವೆ ಕಾಲಿಟ್ಟು, ಅತ್ತೆ ಸೊಸೆಯ ತೋಳಿನ ಆಸರೆಯಲ್ಲಿ ಇಳಿದರು. ನೀರು ಎದೆಯವರೆಗೆ ಬಂದಾಗ ಬಾಯಿಂದ ಸಣ್ಣದೊಂದು ಸದ್ದು ಹೊರಟಿತು, ಮಗು ನಿದ್ದೆಯಲ್ಲಿ ಹೊರಳುವಾಗ ಮಾಡುವಂಥದ್ದು.

"ಇನ್ನು ಆಚೆ ಹೋಗು. ಬೇಯೋ ಮೀನಿನ ಮುಂದೆ ಕೂತ ಹಾಗೆ ಕೂರಬೇಡ."

"ಬಾಗಿಲ ಹಿಂದೆ ಇರ್ತೀನಿ. ಆದ್ರೆ ಕೂಗಿದ್ರೆ ಬಾಯಲ್ಲಿ ಉತ್ತರ ಕೊಡಬೇಕು ಅತ್ತೆ. ಚೊಂಬು ಬಡಿಯೋ ಹಾಗಿಲ್ಲ. ಮುನಿಸಿಕೊಳ್ಳೋ ಹಾಗೂ ಇಲ್ಲ."

ಅತ್ತೆ ಮುಖವನ್ನು ಕಿಟಕಿಯತ್ತ ತಿರುಗಿಸಿದರು. ಮಿನೆಯೋ ಬಾಗಿಲನ್ನು ಬೆರಳಗಲ ತೆರೆದಿಟ್ಟು, ಮಂಡಿಯೂರಿ ಕೂತಳು. ಸಂದಿನಿಂದ ಆವಿ ಎಳೆಯೆಳೆಯಾಗಿ ಬಂದು ಅವಳ ಮೊಣಕಾಲ ಮೇಲೆ ಮಲಗುತ್ತಿತ್ತು. ಹೊಳೆಯ ಸದ್ದು ದೂರದಲ್ಲಿ, ನೀರಿನ ಸದ್ದು ಹತ್ತಿರದಲ್ಲಿ. ಯಾವುದು ಯಾವುದೆಂದು ತಿಳಿಯದಂತೆ ಎರಡೂ ಕಲೆತವು.

"ಅವ್ವಾ, ನೀರು ಹೇಗಿದೆ?" ಕಿಚಿಜಿಯ ದನಿ ಗೋಡೆಯಾಚೆಯಿಂದ.

ಏನೂ ಇಲ್ಲ.

"ಅವ್ವಾ!"

ಮಿನೆಯೋಳ ಕೈ ಬಾಗಿಲಿನ ಮೇಲಿತ್ತು. ಆವಿಯೊಳಗಿನಿಂದ ಒಂದು ಹಣ್ಣು ಮರಕ್ಕೆ ತಾಗಿದ ಸದ್ದು, ಮೆತ್ತನೆಯ ಸದ್ದು, ಕೇಳಿತು. ಬಾಗಿಲು ಎಳೆದೇಬಿಟ್ಟಳು.

ಅತ್ತೆ ಕುತ್ತಿಗೆಯವರೆಗೆ ಮುಳುಗಿ, ಒಂದು ಯುಜುವನ್ನು ಕೆನ್ನೆಗೆ ಒತ್ತಿಕೊಂಡು ಕೂತಿದ್ದರು. ಕಣ್ಣು ತೆರೆದಿತ್ತು. ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಈ ವಯಸ್ಸಿನಲ್ಲಿ ಹೊಸ ಭಾಷೆಯ ಮೊದಲ ಮಾತು ಆಡಬೇಕಾದವರ ಹಾಗೆ.

"ಚೆನ್ನಾಗಿದೆ ಕಣೋ!" ಎಂದು ಕೂಗಿದರು. "ಯಾಕೆ ಹಾಗೆ ಅರಚ್ತೀಯ, ಅತಿಥಿಗಳು ಹೆದರ್ತಾರೆ!"

ಗೋಡೆಯಾಚೆ ಕಿಚಿಜಿ ಮೂಗು ಸೀನಿದ್ದು ಕೇಳಿತು. ಹೊಗೆ ಕಣ್ಣಿಗೆ ಹೋಯಿತೆಂದು ಆಮೇಲೆ ಹೇಳಿದ. ಕೆಂಡ ಹೊರಗೆಳೆದು ಬಹಳ ಹೊತ್ತಾಗಿತ್ತು, ಹೊಗೆ ಎಲ್ಲಿಂದ ಬರಬೇಕು?

ಅತ್ತೆ ಕಣ್ಣು ಅರೆಮುಚ್ಚಿದರು. "ಮಿನೆಯೋ. ಈ ನೀರಲ್ಲಿ ಯಾರೋ ಇದಾರೆ ಕಣೆ. ನಾನು ಸೊಸೆಯಾಗಿ ಬಂದಾಗ ಹೀಗೇ ಇರ್ತಿತ್ತು. ಎಲ್ಲಾ ಇರ್ತಿದ್ರು." ಮೂಗಿನಿಂದ ಮೆಲ್ಲಗೆ ಉಸಿರೆಳೆದರು. "ಒಲೆ ಬೂದಿ ವಾಸನೆ. ತೌಡಿನ ವಾಸನೆ. ಆಮೇಲೆ ಸ್ವಲ್ಪ ಹೆದರಿಕೆ ವಾಸನೆ."

"ಹೆಚ್ಚು ಹೊತ್ತು ಬೇಡ ಅತ್ತೆ. ನಿಧಾನಕ್ಕೆ ಏಳಿ. ಮೊದಲು ಅಂಚಿನ ಮೇಲೆ ಕೂತ್ಕೊಳ್ಳಿ."

"ಗೊತ್ತು, ಗೊತ್ತು. ನನಗೆ ಸ್ನಾನ ಹೇಳಿಕೊಡೋಕೆ ಬಂದ್ಲು."

ಆ ದಿನ ಅತ್ತೆ ಕುಂಬಳಕಾಯಿ ಎರಡನೇ ಸಲ ಹಾಕಿಸಿಕೊಂಡು, ಉಪ್ಪು ಕಡಿಮೆಯಾಯಿತೆಂದು ಬೈದರು. ಆ ಬೈಗುಳ ಕೇಳಿ ಮಿನೆಯೋ ಸೌಟು ಹಿಡಿದುಕೊಂಡೇ ಅಡಿಗೆಮನೆಯ ಕತ್ತಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದಳು.

ಯುಜು ಕಾಲ ಮುಗಿಯಿತು. ಗಿಡಗಳು ಬರಿದಾದವು, ಗುಡ್ಡದ ಮೇಲೆ ಹಿಮ ಬಿತ್ತು, ಹಿಮ ಕರಗಿತು. ತೊಟ್ಟಿ ಒಣಗದಂತೆ ಮಿನೆಯೋ ದಿನಾ ತಿಕ್ಕಿ, ತಳದಲ್ಲಿ ನಾಲ್ಕು ಚೊಂಬು ನೀರು ಬಿಡುತ್ತಿದ್ದಳು. ಮಧ್ಯಾಹ್ನದ ಬಿಸಿಲು ಬಚ್ಚಲಿನ ಕಿಟಕಿಗೆ ಬಂದಾಗ ಅತ್ತೆ ಟವೆಲು ಹೆಗಲಿಗೆ ಹಾಕಿಕೊಂಡು ಮೊಗಸಾಲೆಯಲ್ಲಿ ಕೂರುವರು. ಹಣ್ಣು ಒಂದೂ ಇಲ್ಲದ ಕಾಲದಲ್ಲೂ, ಸೊಸೆಯ ಮುಖ ನೋಡದೆ, ಹೊಳೆಯ ಕಡೆಗೇ ನೋಡುತ್ತ ಕೇಳುವರು:

"ಅತಿಥಿಗಳದ್ದು ಆಯ್ತೇನೆ?"

ಒದ್ದೆ ತಲೆ ಒರೆಸಿಕೊಳ್ಳುತ್ತ ಮಿನೆಯೋ ಹೇಳುವಳು, "ಆಯ್ತು ಅತ್ತೆ. ಏಳಿ."